ಸೀಡರ್ ಮರದಿಂದ ಎಷ್ಟನೆಯದು

ಲಾರೆಲ್ ಫೋರ್ಕ್ ಊರಿನ ಹಬ್ಬವನ್ನು ನೀರಜಾ ಹದಿನಾರು ವರ್ಷ ಅಡುಗೆಮನೆಯ ಕಿಟಕಿಯಿಂದ ನೋಡಿದಳು, ಒಂದು ಸಲವೂ ಹತ್ತಿರ ಹೋಗಲಿಲ್ಲ. ಉತ್ತರ ಕೆರೊಲಿನಾದ ಬೆಟ್ಟಗಳ ಸಂದಿಯಲ್ಲಿ ಎರಡು ಟ್ರಾಫಿಕ್ ಲೈಟು, ಮೂರು ಚರ್ಚು, ಒಂದು ಸಣ್ಣ ಆಸ್ಪತ್ರೆ ಇದ್ದ ಊರು ಅದು. ಜೂನ್ ತಿಂಗಳ ಮೊದಲ ಭಾನುವಾರ ಊರಿಗೆ ಊರೇ ಗುಡ್ಡದ ಮೇಲಿನ ಸ್ಮಶಾನಕ್ಕೆ ಹತ್ತುತ್ತಿತ್ತು. ಹಿಂದಿನ ದಿನವೇ ಹುಲ್ಲು ಕತ್ತರಿಸಿ, ಕಳೆ ಕಿತ್ತು, ಕುಸಿದ ಸಮಾಧಿಗಳಿಗೆ ಹೊಸ ಮಣ್ಣು ಏರಿಸಿರುತ್ತಿದ್ದರು. ಭಾನುವಾರ ಒಂದೊಂದು ಸಮಾಧಿಗೂ ಹೂವಿಟ್ಟು, ಹಾಡಿ, ಪಾದ್ರಿಯ ಮಾತು ಕೇಳಿ, ಕೊನೆಗೆ ಅಲ್ಲೇ ಮರದಡಿ ಹಲಗೆ ಮೇಜುಗಳ ಮೇಲೆ ಮನೆಮನೆಯಿಂದ ತಂದ ಅಡುಗೆ ಹರಡಿ, ಸತ್ತವರ ಮಗ್ಗುಲಲ್ಲೇ ಕೂತು ಉಣ್ಣುತ್ತಿದ್ದರು. ಯಾವ ಕ್ಯಾಲೆಂಡರಿನಲ್ಲೂ ಇಲ್ಲದ ಹಬ್ಬ. ಪಕ್ಕದ ಕಣಿವೆಯವರಿಗೆ ಅದು ಮೇ ತಿಂಗಳಲ್ಲಿ, ಅದರಾಚೆಯವರಿಗೆ ಆಗಸ್ಟಿನಲ್ಲಿ. ಊರಿನವರು ಅದನ್ನು ಡೆಕೊರೇಷನ್ ಎಂದು ಕರೆಯುತ್ತಿದ್ದರು.

ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದವಳಿಗೆ ಇದಕ್ಕಿಂತ ವಿಚಿತ್ರ ಇನ್ನೇನು ಬೇಕು? ಹಬ್ಬವೆಂದರೆ ತಲೆಗೆ ಎಣ್ಣೆನೀರು, ಬಾಗಿಲಿಗೆ ತೋರಣ, ಎಲೆಯ ತುದಿಗೆ ಒಬ್ಬಟ್ಟು. ಹೆಣ ಹೋದ ಬೀದಿಗೆ ನೀರು ಹಾಕಿ ತೊಳೆಯುವ ಜನ ನಾವು, ಇವರು ನೋಡಿದರೆ ಸ್ಮಶಾನದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಪೀಚ್ ಹಣ್ಣಿನ ಪೈ ತಿನ್ನುತ್ತಾರೆ. ನೀರಜಾ ಇದನ್ನು ಗಂಡನ ಹತ್ತಿರ ಹೇಳಿಕೊಂಡು ಹೊಟ್ಟೆ ಹಿಡಿದು ನಕ್ಕಿದ್ದಳು. ಅದು ಅವರು ಆ ಊರಿಗೆ ಬಂದ ಮೊದಲ ವರ್ಷ, ಎಪ್ಪತ್ತಮೂರರ ಜೂನ್. ಮರುವರ್ಷದಿಂದ ಆ ಹಬ್ಬದ ಬಗ್ಗೆ ನಗಲು ಅವಳಿಗೆ ಬಾಯಿ ಬರಲಿಲ್ಲ.

ಗಂಡ ಬದರಿನಾಥ ಆ ಆಸ್ಪತ್ರೆಯ ಡಾಕ್ಟರು. ಅಂಥ ಮೂಲೆಯ ಊರೆಂದರೆ ಅಮೆರಿಕದ ಡಾಕ್ಟರುಗಳೇ ಮೂಗು ಮುರಿಯುತ್ತಿದ್ದುದರಿಂದ ಮೈಸೂರಿನಿಂದ ಬಂದವರಿಗೆ ಕೆಲಸ ಬೇಗ ಸಿಕ್ಕಿತ್ತು. ಪಕ್ಕದ ಮನೆಯಲ್ಲಿ ಹೋಬಾರ್ಟ್, ವರ್ಡಿ ಎಂಬ ನಡುವಯಸ್ಸು ದಾಟಿದ ಗಂಡಹೆಂಡಿರು. ಅವರ ಒಬ್ಬಳೇ ಮಗಳು ರೂಬಿ ಶಾರ್ಲೆಟ್ ನಗರದಲ್ಲಿ ಸಂಸಾರ ಹೂಡಿದ್ದಳು. ಊರಿನ ಪದ್ಧತಿಯಂತೆ ನೀರಜಾ ಕೂಡ ವರ್ಡಿಯನ್ನು ಮಿಸ್ ವರ್ಡಿ ಎನ್ನುತ್ತಿದ್ದಳು. ಮದುವೆಯಾಗಿ ಮೂವತ್ತೈದು ವರ್ಷವಾದ ಹೆಂಗಸು ಮಿಸ್ ಹೇಗಾದಳು ಎನ್ನುವುದು ಮಾತ್ರ ಅವಳ ತಲೆಗೆ ಹೋಗಿರಲಿಲ್ಲ.

ಎಪ್ಪತ್ನಾಲ್ಕರ ಫೆಬ್ರವರಿಯಲ್ಲಿ ನೀರಜಾಳಿಗೆ ಮೊದಲ ಮಗು ಹುಟ್ಟಿತು. ಹೆಣ್ಣು. ಎದೆಗೂಡಿನಲ್ಲಿ ಏನೋ ಕೂಡಬೇಕಾದದ್ದು ಕೂಡಿರಲಿಲ್ಲ. ದೊಡ್ಡ ಊರಿನ ಆಸ್ಪತ್ರೆಗೂ ಹೊತ್ತೊಯ್ದು ತೋರಿಸಿದರು. ಒಂಬತ್ತನೆಯ ದಿನ ಬೆಳಗ್ಗೆ ಅದು ಉಸಿರು ನಿಲ್ಲಿಸಿತು. ಹನ್ನೊಂದನೆಯ ದಿನ ಹೆಸರಿಡಬೇಕೆಂದು ಬೆಳ್ಳಿ ಬಟ್ಟಲು ತೊಳೆದಿಟ್ಟಿದ್ದರು.

ಅಷ್ಟು ಎಳೆಯ ಮಗುವನ್ನು ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಆದರೆ ಎಲ್ಲಿ? ಆ ಊರಿನಲ್ಲಿ ಇವರಿಗೆಂದು ಒಂದು ಗೇಣು ನೆಲ ಇರಲಿಲ್ಲ. ಹೋಬಾರ್ಟ್ ತಾನಾಗಿ ಬಂದು, ಗುಡ್ಡದ ಮೇಲೆ ನಮ್ಮ ಮನೆತನದ ಮೂಲೆ ಇದೆ, ಸೀಡರ್ ಮರದ ಕೆಳಗೆ, ಅಲ್ಲಿ ಜಾಗವಿದೆ ಎಂದ. ತಾನೇ ಗುದ್ದಲಿ ಹಿಡಿದು ತೋಡಿದ. ಬದರಿನಾಥ ಮಗುವನ್ನು ಎತ್ತಿಕೊಂಡು ಹೋದರು, ಜೊತೆಗೆ ವರ್ಡಿ ನಡೆದಳು. ನೀರಜಾ ಮನೆಯಲ್ಲೇ ಉಳಿದಳು. ಹಸಿ ಬಾಣಂತಿ, ಪುರುಡು ಕಳೆದಿಲ್ಲ, ಮೇಲಾಗಿ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ. ಬರುತ್ತೀಯಾ ಎಂದು ಗಂಡ ಕೇಳಲಿಲ್ಲ, ಬರುತ್ತೇನೆ ಎಂದು ಅವಳೂ ಹೇಳಲಿಲ್ಲ. ಆ ಮಾತು ಇಬ್ಬರಿಗೂ ಹೊಳೆಯಲೇ ಇಲ್ಲ ಎನ್ನುವುದು ನಿಜ.

ಬದರಿನಾಥ ವಾಪಸು ಬಂದು ತಲೆಗೆ ನೀರು ಹಾಕಿಕೊಂಡು, ಒದ್ದೆ ತಲೆಯಲ್ಲೇ ಅವಳ ಮಂಚದ ಪಕ್ಕ ನಿಂತರು.

“ಮುಗೀತು ನೀರೂ. ಇನ್ಮೇಲೆ ಆ ಮಾತು ಬೇಡ. ನೆನೆಸಿಕೊಂಡಷ್ಟೂ ಮುಂದಿನದಕ್ಕೆ ಒಳ್ಳೇದಲ್ಲ.”

ಅವರೇನು ಕಟುಕರಲ್ಲ. ಅವರ ತಾಯಿಗೂ ಹೀಗೊಂದು ಮಗು ಹೋಗಿತ್ತು, ಆಕೆಗೂ ಮನೆಯ ಹಿರಿಯರು ಇದನ್ನೇ ಹೇಳಿದ್ದರು. ಗೊತ್ತಿದ್ದ ಒಂದೇ ಔಷಧಿಯನ್ನು ಅವರು ಹೆಂಡತಿಗೂ ಕೊಟ್ಟರು, ಅವಳು ಕಣ್ಣು ಮುಚ್ಚಿ ಕುಡಿದಳು. ಎರಡು ವರ್ಷಕ್ಕೆ ಎರಡನೆಯ ಮಗಳು ಇಂದು ಹುಟ್ಟಿದಳು. ಆ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಅದನ್ನು ಬಿಡದೆ ತಂದವಳು ವರ್ಡಿ ಒಬ್ಬಳೇ. ಮೊದಲ ಜೂನ್ ಬಂದಾಗ ಬಾಗಿಲಿಗೆ ಬಂದು, ನಾಳೆ ಡೆಕೊರೇಷನ್, ಮಗುವಿಗೆ ಹೂವು ಮಾಡಿಟ್ಟಿದ್ದೇನೆ, ನೀನೇ ಬಂದು ಇಡು ಎಂದು ಕರೆದಳು. ನೀರಜಾ ತಲೆನೋವು ಎಂದಳು. ಮರುವರ್ಷ ನೆಂಟರು ಬರುತ್ತಾರೆ ಎಂದಳು. ಅದರ ಮರುವರ್ಷ ಇಂದು ಹೊಟ್ಟೆಯಲ್ಲಿದ್ದಳು, ಆ ವರ್ಷ ಮಾತ್ರ ನೆವ ಹುಡುಕುವ ತಾಪತ್ರಯ ಇರಲಿಲ್ಲ. ಆಮೇಲೆ ನೆವಗಳಿಗೆ ಬರಗಾಲ ಬಂತು. ಒಂದು ವರ್ಷವಂತೂ ಅದೇ ಭಾನುವಾರ ಅಟ್ಲಾಂಟಾದಲ್ಲಿ ಕನ್ನಡದವರ ಪಿಕ್ನಿಕ್ ಇದೆಯೆಂದು ತಿಳಿದು, ನಾಲ್ಕು ಗಂಟೆ ಕಾರಿನಲ್ಲಿ ಕೂತು ಹೋಗಿ, ಸುಡುಬಿಸಿಲಲ್ಲಿ ನಿಂಬೆಹಣ್ಣು ಚಮಚದ ಓಟ ಓಡಿ ಬಂದಳು. ಆಟವೆಂದರೆ ಮಾರು ದೂರ ಓಡುವ ಹೆಂಗಸು ಆಟ ಆಡಲು ಅಷ್ಟು ದೂರ ಹೋದದ್ದು ಯಾಕೆಂದು ಬದರಿನಾಥರಿಗೆ ಗೊತ್ತಿತ್ತೋ ಇಲ್ಲವೋ, ಅವರು ಕೇಳಲಿಲ್ಲ.

ವರ್ಡಿ ಒಂದು ಸಲವೂ ಮುಖ ಗಂಟು ಹಾಕಲಿಲ್ಲ. ಹಬ್ಬದ ಸಂಜೆ ಬಂದು ಬಾಗಿಲಲ್ಲೇ ನಿಂತು ವರದಿ ಒಪ್ಪಿಸುತ್ತಿದ್ದಳು. ಈ ಸಲ ಹುಲ್ಲು ಹಸಿರಾಗಿದೆ, ನಿನ್ನ ಮಗಳು ಚೆನ್ನಾಗಿ ಕಾಣುತ್ತಿದ್ದಾಳೆ ಎನ್ನುತ್ತಿದ್ದಳು. ನೀರಜಾ ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಹಾಗೆಂದು ಇಬ್ಬರಿಗೂ ಆಗಿಬರುತ್ತಿರಲಿಲ್ಲ ಎಂದಲ್ಲ. ಚಳಿಗಾಲದ ಮಧ್ಯಾಹ್ನಗಳಲ್ಲಿ ಇಬ್ಬರೂ ಒಂದೇ ಮೇಜಿಗೆ ಕೂರುತ್ತಿದ್ದರು. ವರ್ಡಿ ಬಣ್ಣದ ಕಾಗದ ಕತ್ತರಿಸಿ, ತಂತಿಗೆ ಸುತ್ತಿ, ಕರಗಿಸಿದ ಮೇಣದಲ್ಲಿ ಅದ್ದಿ ಡೆಕೊರೇಷನ್ನಿಗೆ ಗುಲಾಬಿ ಮಾಡುತ್ತಿದ್ದಳು. ಮೇಣ ಹಾಕಿದರೆ ಮಳೆಗೆ ಬಣ್ಣ ಬಿಡುವುದಿಲ್ಲ. ನೀರಜಾ ಹತ್ತಿ ಎಳೆದು ಗೌರಿ ಹಬ್ಬಕ್ಕೆ ಗೆಜ್ಜೆವಸ್ತ್ರ ಮಾಡುತ್ತಿದ್ದಳು. ಇದು ಯಾರಿಗೆ ಎಂದು ವರ್ಡಿ ಕೇಳಿದರೆ ದೇವಿಗೆ ಎನ್ನುತ್ತಿದ್ದಳು. ಆ ಗುಲಾಬಿಗಳಲ್ಲಿ ಯಾವುದು ಯಾರಿಗೆ ಎಂದು ನೀರಜಾ ಮಾತ್ರ ಕೇಳುತ್ತಿರಲಿಲ್ಲ. ಕೇಳಿದ್ದರೆ ವರ್ಡಿಯ ಬದುಕಿನ ಇನ್ನೊಂದು ಸಂಗತಿಯೂ ಅವಳಿಗೆ ಆಗಲೇ ತಿಳಿಯುತ್ತಿತ್ತು.

ಎಂಬತ್ತೊಂದರ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ವರ್ಡಿ ಎಂದಿನಂತೆ ಹಿಂಬಾಗಿಲಿನಿಂದ ಬಂದಳು. ಅಷ್ಟರಲ್ಲಿ ಹೋಬಾರ್ಟ್ ತೀರಿಕೊಂಡು ಎರಡು ವರ್ಷವಾಗಿತ್ತು. ನೀರಜಾ ಕೊತ್ತಂಬರಿ ಚಟ್ನಿಗೆಂದು ಮಿಕ್ಸಿಗೆ ಎಲ್ಲ ತುಂಬಿ ಮುಚ್ಚಳ ಹಾಕುತ್ತಿದ್ದಳು. ವರ್ಡಿ ಕುರ್ಚಿ ಎಳೆದುಕೊಂಡು ಕೂತು, ಹೋಬಾರ್ಟ್ ಹೋದ, ನನಗೂ ವಯಸ್ಸಾಯಿತು, ನೀನು ಬರದಿದ್ದರೂ ಚಿಂತೆಯಿಲ್ಲ, ಅವಳು ಎಲ್ಲಿದ್ದಾಳೆ ಎಂದಾದರೂ ನಿನ್ನ ಕಿವಿಗೆ ಹಾಕಿಬಿಡುತ್ತೇನೆ ಎಂದಳು. ಆಮೇಲೆ ಮೆಲ್ಲಗೆ ಶುರು ಮಾಡಿದಳು.

“ಸೀಡರ್ ಮರದಿಂದ ಎಣಿಸಿದರೆ...”

ನೀರಜಾ ಮಿಕ್ಸಿಯ ಗುಂಡಿ ಒತ್ತಿದಳು. ಒತ್ತಿ, ವರ್ಡಿಗೆ ಬೆನ್ನು ಹಾಕಿ ನಿಂತಳು. ಬೆನ್ನ ಹಿಂದೆ ಆ ಮುದುಕಿಯ ಬಾಯಿ ಆಡುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೆರಳು ಗುಂಡಿಯಿಂದ ಏಳಲಿಲ್ಲ. ಆವತ್ತಿನ ಚಟ್ನಿ ಗಂಧದಂತೆ ನುಣ್ಣಗಾಯಿತು. ಮಿಕ್ಸಿ ನಿಂತಾಗ ವರ್ಡಿಯ ಮಾತೂ ಮುಗಿದಿತ್ತು. ಅವಳು ಜಾರಿನೊಳಗೆ ಬಗ್ಗಿ ನೋಡಿ, ಎಷ್ಟು ಹಸಿರಾಗಿದೆಯಲ್ಲ ಎಂದಳು. ಆ ಜಾಗದ ವಿಷಯ ಅವಳು ಮತ್ತೆ ಎತ್ತಲಿಲ್ಲ, ಆದರೆ ಜೂನಿನ ಕರೆ ಮಾತ್ರ ತಪ್ಪಲಿಲ್ಲ.

ಎಂಬತ್ತೊಂಬತ್ತರಲ್ಲಿ ಬದರಿನಾಥರಿಗೆ ವಾಷಿಂಗ್ಟನ್ನಿನಲ್ಲಿ ಕೆಲಸವಾಗಿ, ಅವರು ಮೇರಿಲ್ಯಾಂಡಿನಲ್ಲಿ ಮನೆ ಮಾಡಿದರು. ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಇಪ್ಪತ್ತು ನಿಮಿಷ. ಬೆಟ್ಟದ ಊರಿನಲ್ಲಿ ಹಬ್ಬಕ್ಕೊಬ್ಬರು ಸಿಗದೆ ಒದ್ದಾಡಿದವಳಿಗೆ ಈಗ ಶನಿವಾರ ಬಂದರೆ ಅರ್ಧ ಮೈಸೂರು ಕಣ್ಣೆದುರಿಗೆ. ವರ್ಡಿಯ ಕರೆಗೆ ಈಗ ಅಂಚೆಯ ಕಾಲು ಬಂತು. ಪ್ರತಿ ಮೇ ತಿಂಗಳು ಒಂದು ಕಾರ್ಡ್, ಅದರೊಳಗೆ ಮೇಣ ಹಚ್ಚಿದ ಒಂದು ಕಾಗದದ ಎಸಳು. ಜೂನ್ ಮೊದಲ ಭಾನುವಾರ, ಅವಳು ನಿನ್ನ ದಾರಿ ನೋಡುತ್ತಿರುತ್ತಾಳೆ ಎಂದು ಬರೆದಿರುತ್ತಿತ್ತು. ನೀರಜಾ ಅದನ್ನು ಡ್ರಾಯರಿನಲ್ಲಿ ಹಳೆಯ ದೀಪಾವಳಿ ಕಾರ್ಡುಗಳ ಕೆಳಗೆ ಇಡುತ್ತಿದ್ದಳು. ಕ್ರಿಸ್‌ಮಸ್ಸಿಗೆ ಉತ್ತರ ಬರೆದು, ಮುಂದಿನ ವರ್ಷ ಖಂಡಿತ ಎನ್ನುತ್ತಿದ್ದಳು.

ತೊಂಬತ್ತೈದರ ಜನವರಿಯಲ್ಲಿ ಬದರಿನಾಥ ಊಟಕ್ಕೆ ಕೂತವರು ಏಳಲಿಲ್ಲ. ಆ ಮೇ ತಿಂಗಳ ಕಾರ್ಡಿನಲ್ಲಿ ಒಂದು ಸಾಲು ಹೆಚ್ಚಿತ್ತು. ಈಗ ಅವಳನ್ನು ಬಲ್ಲವರು ನಾವಿಬ್ಬರೇ ಎಂದು ವರ್ಡಿ ಬರೆದಿದ್ದಳು. ನೀರಜಾ ಆ ಸಾಲನ್ನು ಎರಡು ಮೂರು ಸಲ ಓದಿದಳು. ಆದರೂ ಹೋಗಲಿಲ್ಲ. ಗಂಡ ಹೋಗಿ ವರ್ಷ ತುಂಬುವವರೆಗೆ ಹಬ್ಬಗಳಿಗೆ ಹೋಗಬಾರದಲ್ಲ, ಶಾಸ್ತ್ರವೇ ಒಂದು ನೆವವನ್ನು ಕೈಗೆ ಕೊಟ್ಟಿತು. ಮರುವರ್ಷ ಬಟ್ಟೆ ಕೂಡ ತುಂಬಿಕೊಂಡು, ಹಿಂದಿನ ದಿನ ಫೋನ್ ಮಾಡಿ ಸೊಂಟ ಹಿಡಿದಿದೆ ಎಂದಳು. ಇರಲಿ ಬಿಡು, ನಾನೆಲ್ಲಿ ಹೋಗುತ್ತೇನೆ ಎಂದು ವರ್ಡಿ ಆ ಕಡೆಯಿಂದ ನಕ್ಕಳು.

ತೊಂಬತ್ತೇಳರ ಜನವರಿಯಲ್ಲಿ ಬದರಿನಾಥರ ತಿಥಿ ಮಾಡಿಸಲು ಸೂರ್ಯನಾರಾಯಣ ಶಾಸ್ತ್ರಿಗಳು ಮನೆಗೆ ಬಂದಿದ್ದರು. ಎಲ್ಲ ಮುಗಿದು ಅವರು ಚಪ್ಪಲಿ ಮೆಟ್ಟುವಾಗ ನೀರಜಾ ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ ಬಾಯಿ ಬಿಟ್ಟಳು. ಒಂಬತ್ತು ದಿನದ ಮಗು ಹೋಗಿತ್ತು, ಅದಕ್ಕೇನಾದರೂ ಮಾಡಬಹುದೇ ಎಂದು ಕೇಳಿದಳು. ಶಾಸ್ತ್ರಿಗಳು ಒಳ್ಳೆಯವರು, ಧ್ವನಿ ತಗ್ಗಿಸಿದರು.

“ಹೆಸರಿಡದ ಮಗುವಿಗೆ ಶ್ರಾದ್ಧ ಇಲ್ಲ ತಾಯಿ. ಅದಕ್ಕೆ ಋಣ ಅಷ್ಟೇ ಇತ್ತು ಅಂದ್ಕೋಬೇಕು.”

ಅವರು ಹೋದಮೇಲೆ ನೀರಜಾ ಗೋಡೆಯ ಪಂಚಾಂಗದ ಮುಂದೆ ನಿಂತು ಹಾಳೆ ತಿರುವಿದಳು. ನಮ್ಮಲ್ಲಿ ಹಾವಿಗೆ ಒಂದು ಹಬ್ಬ, ದನಕರುಗಳಿಗೆ ಒಂದು ಹಬ್ಬ, ಕತ್ತಿ ಸುತ್ತಿಗೆ ಕಾರುಗಳಿಗೂ ಒಂದು ದಿನ. ಯಾರೂ ಗತಿಯಿಲ್ಲದೆ ಸತ್ತವರಿಗೆ ಕೂಡ ಮಹಾಲಯದಲ್ಲಿ ಒಂದು ತುತ್ತು. ಒಂಬತ್ತು ದಿನ ಬದುಕಿದ್ದ ತನ್ನ ಮಗಳಿಗೆ ಮಾತ್ರ ಈ ಹನ್ನೆರಡು ಹಾಳೆಗಳಲ್ಲಿ ಜಾಗವಿಲ್ಲ. ಅವಳಿಗೆ ಜಾಗವಿದ್ದದ್ದು ಪ್ರಪಂಚದಲ್ಲಿ ಒಂದೇ ಹಬ್ಬದಲ್ಲಿ, ಅದೂ ಒಂದೇ ಊರಿನಲ್ಲಿ. ಆ ಹಬ್ಬಕ್ಕೆ ತನ್ನನ್ನು ಇಪ್ಪತ್ಮೂರು ಸಲ ಕರೆದಿದ್ದರು. ಈ ಜೂನ್ ಏನೇ ಆಗಲಿ ಹೋಗುತ್ತೇನೆ, ವರ್ಡಿಯ ಕೈ ಹಿಡಿದುಕೊಂಡು ಎಷ್ಟನೆಯದು ಹೇಳು ಎಂದು ಕೇಳುತ್ತೇನೆ ಎಂದು ನಿಶ್ಚಯ ಮಾಡಿದಳು.

ಏಪ್ರಿಲಿನಲ್ಲಿ ಬಂದದ್ದು ರೂಬಿಯ ಕಾಗದ. ಮಾರ್ಚಿನಲ್ಲಿ ಅಮ್ಮ ನಿದ್ದೆಯಲ್ಲೇ ಹೋದಳು, ನಿಮ್ಮ ವಿಳಾಸ ಸಿಕ್ಕಿದ್ದು ಈಗ ಎಂದು ಬರೆದಿದ್ದಳು. ಚಳಿಗಾಲದಲ್ಲಿ ಅಮ್ಮ ನಿಮ್ಮ ಮಗುವಿಗೆ ಮಾಡಿದ ಹೂವು ನನ್ನ ಹತ್ತಿರ ಇದೆ, ದಯವಿಟ್ಟು ಬಂದು ನೀವೇ ಇಡಿ, ನಿಮ್ಮಿಂದ ಒಂದು ಉಪಕಾರವೂ ಆಗಬೇಕು ಎಂದಿತ್ತು. ನೀರಜಾ ಅತ್ತಳು. ಅಳುವಿನ ನಡುವೆಯೇ ಒಂದು ಸಮಾಧಾನವನ್ನೂ ಹುಡುಕಿಕೊಂಡಳು. ಸೀಡರ್ ಮರ ಎಂಬುದಂತೂ ಗೊತ್ತಿದೆ, ಅದರ ಕೆಳಗೆ ಪುಟ್ಟ ಸಮಾಧಿ ಇನ್ನೆಷ್ಟಿರುತ್ತದೆ, ಕಂಡುಹಿಡಿಯುವುದು ಏನು ಮಹಾ ಎಂದುಕೊಂಡಳು.

ಮಗಳು ಇಂದು ಕಾಲೇಜಿನ ರಜೆಗೆ ಮನೆಗೆ ಬಂದಿದ್ದಳು. ಹಳೆಯ ಊರು ನೋಡಿ ಬರೋಣ, ಡ್ರೈವ್ ಮಾಡುತ್ತೀಯಾ ಎಂದಾಗ ಖುಷಿಯಿಂದ ಒಪ್ಪಿದಳು. ಶನಿವಾರ ಬೆಳಗ್ಗೆ ಹೊರಟು, ವರ್ಜೀನಿಯಾದ ಹೆದ್ದಾರಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಅಲ್ಲಿ ನೀರಜಾ ಹೇಳಿದಳು. ಎಷ್ಟೋ ವರ್ಷ ಕಟ್ಟಿಟ್ಟದ್ದು ಎರಡು ನಿಮಿಷದಲ್ಲಿ ಮುಗಿದುಹೋಯಿತು.

ಇಂದು ಚಮಚ ಕೆಳಗಿಟ್ಟಳು. “ವೇಯ್ಟ್. ನಂಗೆ ಒಂದು ಸಿಸ್ಟರ್ ಇದ್ಲಾ?”

“ಹೂಂ ಪುಟ್ಟಿ.”

“ಅವಳ ಹೆಸರು ಏನು?”

“ಇಟ್ಟಿರ್ಲಿಲ್ಲ. ಇನ್ನೆರಡು ದಿನಕ್ಕೆ ಇಡ್ಬೇಕಿತ್ತು.”

ಇಂದು ಡಬ್ಬಿಯ ಮುಚ್ಚಳ ಹಾಕಿದಳು. ಚಿಕ್ಕವಳಿದ್ದಾಗ ಆ ಗುಡ್ಡದ ಮೇಲೆ ತಾನು ಎಷ್ಟೋ ಸಲ ಸೈಕಲ್ ಹೊಡೆದಿದ್ದೇನೆ, ಮಿಸ್ ವರ್ಡಿ ಜೊತೆಗೆ ಹೂವಿನ ಬುಟ್ಟಿ ಕೂಡ ಹೊತ್ತಿದ್ದೇನೆ, ಒಬ್ಬರಾದರೂ ಹೇಳಬಾರದಿತ್ತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಉಳಿದ ದಾರಿಯುದ್ದಕ್ಕೂ ಇಂದು ರೇಡಿಯೋ ಹಾಕಿಕೊಂಡು ಕಾರು ಓಡಿಸಿದಳು, ಆದರೆ ರಾತ್ರಿ ಮೋಟೆಲಿನಲ್ಲಿ ತಾನಾಗಿ ಅಮ್ಮನ ಹೊದಿಕೆಯೊಳಗೆ ಬಂದು ಮಲಗಿದಳು.

ಭಾನುವಾರ ಬಿಸಿಲು ಎಳೆಯದಾಗಿತ್ತು. ಗುಡ್ಡದ ಮೇಲೆ ಕಾರುಗಳ ಸಾಲು, ಗುಡ್ಡದ ತುಂಬ ಹೂವು. ಕೆಂಪು, ಹಳದಿ, ನೀಲಿ ಕಾಗದದ ಗುಲಾಬಿಗಳು ಮೇಣದಲ್ಲಿ ಹೊಳೆಯುತ್ತಿದ್ದವು. ಮಕ್ಕಳು ಕಲ್ಲುಗಳ ನಡುವೆ ಓಡುತ್ತಿದ್ದರು, ಹೆಂಗಸರು ಮೇಜಿಗೆ ಬಟ್ಟೆ ಹಾಸುತ್ತಿದ್ದರು, ಒಬ್ಬ ಅಜ್ಜ ತನ್ನ ಹೆಂಡತಿಯ ಸಮಾಧಿಯ ಪಕ್ಕ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ. ಇಷ್ಟು ವರ್ಷ ತಾನು ಹೆದರಿದ್ದು ಇದಕ್ಕೇ ಏನು ಎಂದು ನೀರಜಾಳಿಗೆ ಅನ್ನಿಸಿತು. ಅಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಡಾಕ್ಟರ ಹೆಂಡತಿ ಬಂದಿದ್ದಾಳೆ ಎಂದು ನಾಲ್ಕಾರು ಜನ ಬಂದು ಕೈ ಹಿಡಿದರು, ತಮ್ಮ ಯಾವ ಯಾವ ಕಾಯಿಲೆಯನ್ನು ಬದರಿನಾಥ ವಾಸಿ ಮಾಡಿದ್ದರು ಎಂದು ನೆನೆಸಿಕೊಂಡರು.

ರೂಬಿ ಐವತ್ತರ ಹತ್ತಿರದ ಹೆಂಗಸು, ತಾಯಿಯದೇ ಅಗಲ ಮುಖ. ರಟ್ಟಿನ ಪೆಟ್ಟಿಗೆಯೊಂದನ್ನು ಹಿಡಿದು ಇವರನ್ನು ಮೂಲೆಗೆ ಕರೆದೊಯ್ದಳು. ಸೀಡರ್ ಮರ ಹಾಗೆಯೇ ನಿಂತಿತ್ತು. ಅದರಾಚೆ ಹೋಬಾರ್ಟನ ಕಲ್ಲು, ವರ್ಡಿಯ ಹೊಸ ಮಣ್ಣು. ಮರದ ಬುಡದಿಂದ ಈಚೆಗೆ ಸಾಲಾಗಿ ಮೂರು ಕಲ್ಲು. ಒಂದೊಂದೂ ತೆಂಗಿನಕಾಯಿಯಷ್ಟು. ಹೊಳೆಯಿಂದ ಎತ್ತಿ ತಂದ ಬರಿಯ ಕಲ್ಲುಗಳು, ಅಕ್ಷರವಿಲ್ಲ, ಗುರುತಿಲ್ಲ.

ಮೂರು ಯಾಕೆ ಎಂದು ನೀರಜಾ ಕೇಳಿದಳು. ರೂಬಿಗೆ ಆಶ್ಚರ್ಯವಾಯಿತು. ಅಮ್ಮ ಹೇಳಿರಲಿಲ್ಲವೇ, ನನಗಿಂತ ಮುಂಚೆ ಅವಳಿಗೆ ಎರಡು ಮಕ್ಕಳು ಹುಟ್ಟಿ ಹುಟ್ಟಿದ ವಾರದಲ್ಲೇ ಹೋಗಿದ್ದವು, ಅವುಗಳ ಸಾಲಿನಲ್ಲೇ ನಿಮ್ಮ ಮಗುವಿಗೂ ಜಾಗ ಕೊಟ್ಟದ್ದು ಎಂದಳು. ಹದಿನಾರು ಚಳಿಗಾಲ ಒಂದೇ ಮೇಜಿಗೆ ಕೂತಿದ್ದವಳು ನೀರಜಾ. ಅವಳಿಗೆ ಇದು ಗೊತ್ತಿರಲಿಲ್ಲ.

ರೂಬಿ ಪೆಟ್ಟಿಗೆ ತೆರೆದಳು. ಒಳಗೆ ಮೂರು ಗುಲಾಬಿ, ಎರಡು ನಸುಗೆಂಪು, ಒಂದು ಬಿಳಿ. ಈ ಸಲ ಮಾತ್ರ ಅಮ್ಮ ಒಂದು ಬಿಳಿಯದು ಮಾಡಿದ್ದಳು, ಅದು ನಿಮ್ಮ ಮಗಳದು ಎಂದು ಎತ್ತಿ ನೀರಜಾಳ ಕೈಗೆ ಕೊಟ್ಟಳು. ಆಮೇಲೆ ಕಾಗದದಲ್ಲಿ ಬರೆದಿದ್ದ ಉಪಕಾರ ಏನೆಂದು ಹೇಳಿದಳು. ಈ ವರ್ಷ ಕಲ್ಲುಗಳಿಗೆ ಹೆಸರು ಕೆತ್ತಿಸಬೇಕು, ಅಮ್ಮ ಸತ್ತಮೇಲೆ ಯಾವುದು ಯಾವುದೆಂದು ತನಗೆ ತಿಳಿಯದು, ಅಮ್ಮ ಮೂರಕ್ಕೂ ಒಂದೇ ಸಮ ಮಾಡುತ್ತಿದ್ದಳು, ಕೇಳಿದರೆ ಮೂರೂ ನಮ್ಮವೇ ಅನ್ನುತ್ತಿದ್ದಳು. ನಿಮ್ಮದನ್ನು ನೀವು ತೋರಿಸಿದರೆ ಉಳಿದೆರಡು ನನ್ನ ಅಣ್ಣ ಅಕ್ಕನದು ಎಂದು ಗೊತ್ತಾಗುತ್ತದೆ ಎಂದಳು.

“ಕೊನೇ ದಿನಗಳಲ್ಲೂ ಕೇಳಿದೆ. ಅಮ್ಮ ಏನಂದಳು ಗೊತ್ತಾ? ಅವಳ ಅಡುಗೆಮನೇಲಿ ಒಂದು ಸಲ ಹೇಳಿದೀನಿ, ಮಿಷನ್ ಓಡ್ತಾ ಇತ್ತು, ಆದರೂ ತಾಯಿಗೆ ಕೇಳಿಸಿರುತ್ತೆ ಅಂದಳು.”

ನೀರಜಾಳ ಕೈಯಲ್ಲಿ ಬಿಳಿ ಹೂವು. ಸುತ್ತ ಹತ್ತಾರು ಜನ ಬಂದು ನಿಂತಿದ್ದರು, ಗಂಡಸರು ಟೋಪಿ ತೆಗೆದಿದ್ದರು. ಬಹಳ ವರ್ಷದ ಮೇಲೆ ತಾಯಿಯೊಬ್ಬಳು ಮಗುವಿಗೆ ಹೂವಿಡಲು ಬಂದಿದ್ದಾಳೆ ಎಂದು ಎಲ್ಲರ ಮುಖದಲ್ಲೂ ಮೃದುವಾದ ಗೌರವ. ಒಂದು ಕಲ್ಲನ್ನು ಆರಿಸಿಬಿಟ್ಟರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ, ಯಾರ ಮಾನವೂ ಹೋಗುವುದಿಲ್ಲ. ಅವಳು ಮಧ್ಯದ ಕಲ್ಲಿನ ಮುಂದೆ ಮಂಡಿಯೂರಿದಳು. ಹೂವು ಹಿಡಿದ ಕೈ ಮುಂದೆ ಹೋಯಿತು. ಆಗ ಇಂದು ಪಕ್ಕದಲ್ಲಿ ಬಂದು ಕೂತು, ಬೇರೆ ಯಾರಿಗೂ ತಿಳಿಯದಂತೆ ಕನ್ನಡದಲ್ಲಿ ಕೇಳಿದಳು.

“ಅಮ್ಮ, ನಿಂಗೆ ನಿಜವಾಗ್ಲೂ ಗೊತ್ತಾ?”

ಆ ಹುಡುಗಿಯ ಹತ್ತಿರ ಇಪ್ಪತ್ತು ವರ್ಷ ಸುಳ್ಳು ಹೇಳಿ ನೀರಜಾಳಿಗೆ ಸಾಕಾಗಿತ್ತು.

“ಇಲ್ಲ ಪುಟ್ಟಿ. ಆವತ್ತು ನಾನು ಬಂದಿರ್ಲಿಲ್ಲ. ವರ್ಡಿ ಹೇಳೋಕೆ ಬಂದ್ಲು, ಕೇಳಿಸ್ಕೋಬಾರ್ದು ಅಂತ ನಾನೇ ಮಿಕ್ಸಿ ಹಾಕ್ದೆ.”

ಇದನ್ನೇ ಮತ್ತೊಮ್ಮೆ ಇಂಗ್ಲಿಷಿನಲ್ಲಿ ರೂಬಿಗೆ ಹೇಳಬೇಕಾಯಿತು, ಎದ್ದು ನಿಂತು, ಅಷ್ಟು ಜನರ ಎದುರಿಗೆ. ಬಾಯಿಂದ ಹೊರಟ ಒಂದೊಂದು ಮಾತೂ ಮುಳ್ಳು ಕಿತ್ತಂತೆ ಬಂತು. ಹೇಳಿ ಮುಗಿಸಿದಮೇಲೆ ಅವಳಿಗೆ ರೂಬಿಯ ಮುಖ ನೋಡುವ ಧೈರ್ಯವಾಗಲಿಲ್ಲ.

ರೂಬಿ ಹುಲ್ಲಿನ ಮೇಲೆ ಕೂತುಬಿಟ್ಟಳು. ನೋಡಿದ ಜಾಗವನ್ನು ಮತ್ತೆ ನೋಡುವ ಶಕ್ತಿ ನಿಮಗಿಲ್ಲ ಎಂದು ನಾನು ತಿಳಿದಿದ್ದೆ, ನೀವು ನೋಡಿಯೇ ಇಲ್ಲ ಎಂದು ನನಗೆ ಹೊಳೆಯಲಿಲ್ಲ ಎಂದಳು. ಆಮೇಲೆ, ಹಾಗಾದರೆ ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಕೆತ್ತನೆಯವನು ಊಟಕ್ಕೆ ಬಂದು ಆಚೆ ನಿಂತಿದ್ದ, ಅವನಿಗೆ ಕೈಯಲ್ಲೇ ಬೇಡವೆಂದು ಸನ್ನೆ ಮಾಡಿದಳು. ಬೈಯಲಿಲ್ಲ. ಬೈದಿದ್ದರೆ ನೀರಜಾಳಿಗೆ ಎಷ್ಟೋ ಹಗುರಾಗುತ್ತಿತ್ತು. ಬದಲಿಗೆ ರೂಬಿ ಎದ್ದು, ಸ್ಕರ್ಟಿನ ಮೇಲೆ ಬಿದ್ದಿದ್ದ ಸೀಡರಿನ ಎಲೆ ಕೊಡವಿ, ಬನ್ನಿ, ಊಟ ಆರುತ್ತೆ ಎಂದಳು.

ನೀರಜಾ ಸ್ಮಶಾನದಲ್ಲಿ ಉಂಡಳು. ಮೆಕ್ಕೆಜೋಳದ ಬ್ರೆಡ್ಡು, ಬೇಯಿಸಿದ ಬೀನ್ಸು, ಪೀಚ್ ಪೈ. ವರ್ಡಿ ಕೂರುತ್ತಿದ್ದ ಜಾಗವೆಂದು ಯಾರೋ ಒಂದು ಮಡಚುವ ಕುರ್ಚಿ ತೋರಿಸಿದರು, ಅದರ ಪಕ್ಕದಲ್ಲಿ ಕೂತಳು. ರುಚಿಯಾಗಿತ್ತು. ಎಪ್ಪತ್ನಾಲ್ಕರಲ್ಲೇ ಬಂದು ಈ ಮೇಜಿಗೆ ಕೂತಿದ್ದರೆ ಏನು ಮೈಲಿಗೆಯಾಗುತ್ತಿತ್ತು? ಮನೆಗೆ ಹೋಗಿ ತಲೆಗೆ ಎರಡು ಚೊಂಬು ನೀರು ಹಾಕಿಕೊಂಡಿದ್ದರೆ ಮುಗಿಯುತ್ತಿತ್ತು. ಅಷ್ಟು ಸಣ್ಣ ಕೆಲಸಕ್ಕೆ ಇಷ್ಟು ವರ್ಷ ಬೇಕಾಯಿತು, ಬಂದಾಗ ಹೇಳುವವರು ಉಳಿದಿರಲಿಲ್ಲ.

ಜನ ಚದುರಿದ ಮೇಲೆ ರೂಬಿ ತನ್ನ ಎರಡು ಹೂವುಗಳನ್ನು ವರ್ಡಿಯ ಮಣ್ಣಿನ ಮೇಲಿಟ್ಟಳು, ಯಾವುದು ಯಾರಿಗೆಂದು ಅಮ್ಮನೇ ಹಂಚಲಿ ಎಂದಳು. ನೀರಜಾಳ ಕೈಯಲ್ಲಿ ಬಿಳಿಯದು ಹಾಗೇ ಉಳಿದಿತ್ತು. ಯಾವ ಕಲ್ಲಿಗೂ ಇಡಲು ಮನಸ್ಸು ಬಾರದೆ ಅವಳು ಅದನ್ನು ಸೀಡರ್ ಮರದ ಬುಡಕ್ಕೆ, ಎಣಿಕೆ ಶುರುವಾಗುವಲ್ಲಿ ಸಿಕ್ಕಿಸಿದಳು. ಇಂದು ಕಾರಿನ ಹತ್ತಿರ ಕಾಯುತ್ತಿದ್ದಳು.

ನೀರಜಾ ಮರದಿಂದ ಮೊದಲನೆಯ ಕಲ್ಲಿನ ಮುಂದೆ ಕೂತು ಅದರ ಮೇಲೆ ಅಂಗೈ ಇಟ್ಟಳು. ಬಿಸಿಲಿಗೆ ಕಲ್ಲು ಬೆಚ್ಚಗಿತ್ತು. “ಅಮ್ಮ ಬಂದಿದೀನಿ ಕಂದ, ತುಂಬ ತಡವಾಯ್ತು” ಎಂದಳು. ಎರಡನೆಯದಕ್ಕೂ ಅದನ್ನೇ ಹೇಳಿದಳು, ಮೂರನೆಯದಕ್ಕೂ ಅದನ್ನೇ. ಅವುಗಳಲ್ಲಿ ಎರಡು ವರ್ಡಿಯ ಮಕ್ಕಳು, ಅವಕ್ಕೆ ಕನ್ನಡ ಬರುವುದಿಲ್ಲ. ತನ್ನದು ಕನ್ನಡ ಕೇಳಿದ್ದು ಒಂಬತ್ತೇ ದಿನ.